ಲೈನ್‌ಕೆರೆಯ ನೆಟ್ಟಗಿನ ತುದಿ

ಹಾಸಿದ ದಾರವನ್ನು ಯಾರೂ ದಾಟಬಾರದು. ನೇಕಾರರ ಓಣಿಯಲ್ಲಿ ಇದಕ್ಕಿಂತ ಹಳೆಯ ಕಟ್ಟಳೆ ಇಲ್ಲ. ಬೆಳಗಿನ ತಂಪಿನಲ್ಲಿ, ಮಗ್ಗಕ್ಕೇರಿಸುವ ಮೊದಲು, ಬೀದಿಯುದ್ದಕ್ಕೂ ಗೂಟ ನೆಟ್ಟು ನೂಲು ಹಾಸಿದರೆಂದರೆ, ಎದುರು ಮನೆಯಿಂದ ಒಂದು ಹಿಡಿ ಕೆಂಡ ತರಲು ಹೋಗುವವಳೂ ಹಾಸಿನ ತುದಿಯನ್ನು ಸುತ್ತಿಯೇ ಹೋಗಬೇಕು. ದಾಟಿದರೆ ಏನಾಗುತ್ತದೆ ಎಂದು ಕೇಳಿದರೆ ಯಾರೂ ಹೇಳುವುದಿಲ್ಲ. ದಾಟಬಾರದು, ಅಷ್ಟೆ. ಕಂದಲದಿನ್ನಿಯ ಲೈನ್‌ಕೆರೆಯ ಐತಿಹ್ಯದಲ್ಲಿ ಬರುವವರೆಲ್ಲ ಈ ಕಟ್ಟಳೆಯನ್ನು ಮುರಿದವರು, ಒಬ್ಬಳನ್ನು ಬಿಟ್ಟು.

ಕೆರೆ ದೊಡ್ಡದಲ್ಲ. ಪಡುವಣದಲ್ಲಿ ಪಾಪಾಸುಕಳ್ಳಿ ಬೆಳೆದ ಕಡಿದಾದ ಗುಡ್ಡ, ಮೂಡಣದಲ್ಲಿ ಆನೆಯ ಬೆನ್ನಿನಂಥ ಒಂದು ಬೋಳು ಬಂಡೆ, ಇವೆರಡರ ನಡುವೆ ಏರಿ. ಏರಿಯ ಮೇಲೆ ನಡೆದು ಬಂದವರು ಒಂದು ವಿಚಿತ್ರವನ್ನು ಗಮನಿಸದೆ ಇರುವುದಿಲ್ಲ. ಗುಡ್ಡದ ಕಡೆಯಿಂದ ಹೊರಟ ಏರಿ ಆರು ಕಡೆ ನೀರಿನತ್ತ ಸರಿದಿದೆ, ಪ್ರತಿ ಸಲವೂ ಹಿಂದಿನದಕ್ಕಿಂತ ಇನ್ನಷ್ಟು ಮುಂದಕ್ಕೆ. ಆರನೆಯದು ಮುಗಿದದ್ದೇ ತಡ, ಮೊಣಕೈ ಮಡಿಸಿದಂತೆ ಗಕ್ಕನೆ ಒಳಕ್ಕೆ ತಿರುಗಿ, ಅಲ್ಲಿಂದ ಬಂಡೆಯವರೆಗೆ ಮೂವತ್ತು ಹೆಜ್ಜೆ ನೆಟ್ಟಗೆ ಸಾಗುತ್ತದೆ. ಊರವರು ಲೈನು ಎನ್ನುವುದು ಈ ಮೂವತ್ತು ಹೆಜ್ಜೆಯನ್ನು ಮಾತ್ರ. ಕೆರೆಯ ಹೆಸರು ಅದರಿಂದ ಬಂದದ್ದು.

ಈ ಹೆಸರಿಗೆ ಹೇಳುವ ಕಾರಣಗಳಲ್ಲಿ ಬಹುಪಾಲು ಕಿವಿಗೊಡುವಂಥವಲ್ಲ. ಇಲ್ಲಿ ರೈಲು ಲೈನು ಹಾಯಬೇಕಿತ್ತು ಎನ್ನುವವರಿದ್ದಾರೆ. ರೈಲು ಈ ಊರಿನ ಹತ್ತು ಹರದಾರಿ ಸನಿಹಕ್ಕೂ ಬಂದಿಲ್ಲ. ಪೊಲೀಸರ ಲೈನುಮನೆಗಳಿದ್ದವು ಎನ್ನುವವರಿದ್ದಾರೆ. ಇದ್ದ ಗುರುತಿಗೆ ಒಂದು ಇಟ್ಟಿಗೆಯೂ ಸಿಕ್ಕಿಲ್ಲ. ಕರೆಂಟಿನ ಲೈನು ಎನ್ನುವವರಿಗೆ, ನಿಮ್ಮ ಅಜ್ಜಿ ಚಿಮಣಿ ಹಚ್ಚುತ್ತಿದ್ದ ಕಾಲಕ್ಕೂ ಕೆರೆಯ ಹೆಸರು ಇದೇ ಇತ್ತು ಎಂದಷ್ಟೇ ಹೇಳಬೇಕು. ತಪ್ಪು ಅವರದಷ್ಟೇ ಅಲ್ಲ, ಆ ಶಬ್ದವೇ ಅಂಥದು. ರೇಷನ್ ಅಂಗಡಿಯ ಮುಂದೆ ನಿಲ್ಲುವುದು ಲೈನು, ಫೋನಿನಲ್ಲಿ ಸಿಗದಿರುವುದು ಲೈನು, ಪದ್ಯದ ಒಂದು ಸಾಲು ಲೈನು, ಒಬ್ಬನ ಕಸುಬು ಲೈನು, ಬಸ್‌ಸ್ಟ್ಯಾಂಡಿನಲ್ಲಿ ಕೆಲಸವಿಲ್ಲದವರು ಹೊಡೆಯುವುದೂ ಲೈನೇ. ಆದರೆ ಇಂಗ್ಲಿಷಿನವರ ಈ ಲೈನನ್ನು ಹಿಂಜುತ್ತ ಹಿಂದೆ ಹೋದರೆ ಕೊನೆಗೆ ಕೈಗೆ ಸಿಗುವುದು ಅಗಸೆಯ ನಾರು. ನಾವು ಹುರಿದು ಕುಟ್ಟಿ ರೊಟ್ಟಿಗೆ ಹಚ್ಚಿಕೊಳ್ಳುವ ಅದೇ ಅಗಸೆಯ ಗಿಡ. ಲ್ಯಾಟಿನ್ ಮಾತನಾಡುತ್ತಿದ್ದವರು ಅದನ್ನು ಲೀನುಮ್ ಎಂದರು, ಅದರ ನಾರಿನಿಂದ ಹೊಸೆದ ದಾರವನ್ನು ಲೀನೆಯ ಎಂದರು. ಬಡಗಿ, ಕಲ್ಲುಕುಟಿಗ, ಭೂಮಿ ಅಳೆಯುವವ, ಎಲ್ಲರೂ ಆ ದಾರವನ್ನು ಎಳೆದುಕಟ್ಟಿ ನೇರ ನೋಡಿದರು. ದಾರದ ಹೆಸರು ಮೊದಲು ಗೆರೆಗೆ ಬಂತು, ಆಮೇಲೆ ಗಡಿಗೆ, ಸಾಲಿಗೆ, ವಂಶಕ್ಕೆ. ಕೋಟಿನ ಒಳಗೆ ಹಾಕುವ ಲೈನಿಂಗು ಕೂಡ ಅದೇ ನಾರಿನ ಬಟ್ಟೆಯ ನೆನಪು. ಕಂದಲದಿನ್ನಿಯ ಲೈನು ಇವುಗಳಲ್ಲೆಲ್ಲ ತೀರ ಹಳೆಯದು. ಅದು ದಾರವೇ.

ಹಿಂದೆ ಒಮ್ಮೆ, ಕಂಪನಿ ಸರ್ಕಾರದ ದಿನಗಳಲ್ಲಿ, ಮಳೆಗಾಲದ ಹಳ್ಳ ಉಕ್ಕಿ ಊರಿಗೆ ನುಗ್ಗುತ್ತಿದ್ದುದನ್ನು ತಡೆಯಲು ಇಲ್ಲೊಂದು ಏರಿ ಹಾಕಬೇಕೆಂದು ಅಳತೆಯ ಅಧಿಕಾರಿಯೊಬ್ಬ ಬಂದ. ಅವನ ಹೆಸರು ಯಾರಿಗೂ ನೆನಪಿಲ್ಲ. ಸಾಹೇಬ ಎಂದೇ ಹೇಳುತ್ತಾರೆ. ಅಗಸೆನಾರಿನ ಬಿಳಿ ಹುರಿಯನ್ನು ಅವನು ಗುಡ್ಡದ ಬುಡದಿಂದ ಬಂಡೆಯವರೆಗೆ ಎಳೆದು ಗೂಟಗಳಿಗೆ ಕಟ್ಟಿಸಿದ. ಹುರಿಯ ಬಡಗಲಿಗೆ ಊರು, ತೆಂಕಲಿಗೆ ಏರಿಯ ಮಣ್ಣು. ಆ ಹುರಿ ನೇಕಾರರ ಏಳು ಮನೆಗಳ ಹಿತ್ತಿಲುಗಳನ್ನು ಸೀಳಿಕೊಂಡು ಹೋಯಿತು, ಹಿತ್ತಿಲಿಗೊಂದು ಗೂಟ. ಮನೆಗಳು ಈಚೆ ಉಳಿದವು, ಹಿತ್ತಿಲ ತುದಿಯಲ್ಲಿದ್ದ ಮಗ್ಗದ ಗುಡಿಸಲುಗಳು ಆಚೆ ಉಳಿದವು. ಅವು ಕುಣಿಮಗ್ಗಗಳು, ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಬಿಟ್ಟು ಕೂತು ನೇಯುವಂಥವು. ಮಗ್ಗವನ್ನು ಬಿಚ್ಚಿ ಬೇರೆಡೆ ಒಯ್ಯಬಹುದು, ಕುಣಿಯನ್ನು ಒಯ್ಯುವುದು ಹೇಗೆ? ಆದರೂ ಏಳೂ ಮನೆಯವರು ಒಪ್ಪಿದರು. ಎಲ್ಲರದೂ ಹೋಗುತ್ತದೆಂದ ಮೇಲೆ ಯಾರಿಗೂ ಹೆಚ್ಚು ದುಃಖವಾಗುವುದಿಲ್ಲ.

ಸಾಹೇಬ ಮುಂದಿನ ಊರಿಗೆ ಹೋಗಿ ನಾಲ್ಕನೆಯ ದಿನ ಮಣ್ಣಿನ ಆಳುಗಳೊಂದಿಗೆ ಬರುವುದೆಂದಾಯಿತು. ಅಷ್ಟು ದಿನ ಹುರಿಗೆ ಒಬ್ಬ ಕಾವಲುಗಾರನನ್ನು ಬಿಡಲೇ ಎಂದು ಕೇಳಿದ. ಗುಡ್ಡದ ಕಡೆಯ ಮೊದಲ ಮನೆಯ ರಾಚಪ್ಪ ಓಣಿಗೆ ಹಿರಿಯ. ಅವನು ಮೀಸೆಯಲ್ಲೇ ನಕ್ಕನಂತೆ. “ಕಾವಲು ಯಾಕ್ರಿ ಸಾಹೇಬ್ರ? ನಾವು ನೇಕಾರ್ರು. ಹಾಸಿದ ದಾರ ನಮ್ಮ ಓಣಿ ಕೋಳಿ ಸೈತ ದಾಟಂಗಿಲ್ಲ.” ಸಾಹೇಬ ಆ ಮಾತನ್ನು ನಂಬಿ ಕುದುರೆ ಹತ್ತಿದ.

ಮೊದಲ ದಿನ ಬೆಳಿಗ್ಗೆ ಎಲ್ಲರೂ ಬಂಡೆ ಸುತ್ತಿಯೇ ಮಗ್ಗಕ್ಕೆ ಹೋದರು. ಪಡುವಣದಲ್ಲಿ ಕಳ್ಳಿಗುಡ್ಡ ಅಡ್ಡ ನಿಂತದ್ದರಿಂದ ಹುರಿಯನ್ನು ಸುತ್ತಲು ಬಂಡೆಯ ತುದಿಯೊಂದೇ ದಾರಿ. ರಾಚಪ್ಪನ ಮನೆಗೆ ಅದು ಎಲ್ಲರಿಗಿಂತ ದೂರ. ಮಧ್ಯಾಹ್ನ ಅವನ ಹೆಂಡತಿ ರೊಟ್ಟಿಯ ಗಂಟು ಹಿಡಿದು ಹಿತ್ತಿಲಿಗೆ ಬಂದವಳು, ಆಚೆ ಈಚೆ ನೋಡಿ, ಸೀರೆಯನ್ನು ನಾಲ್ಕು ಬೆರಳು ಎತ್ತಿ ಹುರಿಯನ್ನು ದಾಟಿಬಿಟ್ಟಳು. ಪಕ್ಕದ ಮನೆಯವಳು ಗೋಡೆಯ ಮೇಲಿಂದ ಇದನ್ನು ಕಂಡಳು. ಅವಳಿಗೆ ಕಟ್ಟಳೆ ಮುರಿಯಿತೆಂದು ಸಂಕಟವಾಗಲಿಲ್ಲ, ಮುರಿದದ್ದು ತಾನಲ್ಲ ಎಂದು ಸಂಕಟವಾಯಿತು. “ಹಿರ್ಯಾನ ಹೇಣ್ತಿ ಕಾಲಿಗೆ ಏನು ಬಂಗಾರ ಬಡದೈತೇನು? ಅಕಿ ದಾಟಿದ್ರ ದಾರ ಸುಮ್ನಿರತೈತಿ, ನಾವು ದಾಟಿದ್ರ ಹರೀತೈತೇನು?” ಎಂದು ಕೂಗಿಕೊಂಡೇ ದಾಟಿದಳು. ಸಂಜೆಯ ಹೊತ್ತಿಗೆ ಆರು ಮನೆಯವರೂ ದಾಟಿದ್ದರು.

ಎರಡನೆಯ ದಿನ ರಾಚಪ್ಪ ತನ್ನ ಹಿತ್ತಿಲಲ್ಲಿ ನಿಂತು ಯೋಚಿಸಿದ. ದಾಟಿದ್ದಾಯಿತು, ಇನ್ನು ಗೂಟವನ್ನು ಎರಡು ಮೊಳ ತೆಂಕಲಿಗೆ ಸರಿಸಿದರೆ ಕುಣಿ ಉಳಿಯುತ್ತದೆ. ಗುಡ್ಡದ ಬುಡದಲ್ಲಿ ಮಿಕ್ಕ ಹುರಿಯ ಉಂಡೆ ಇತ್ತು, ಬೇಕಾದಷ್ಟು ಸಡಿಲ ಬಿಡಬಹುದಿತ್ತು. ಅವನು ಎರಡು ಮೊಳ ಸರಿಸಿದ. ಎರಡನೆಯ ಮನೆಯವರಿಗೆ ಎರಡೇ ಮೊಳ ಸಾಕಿತ್ತು; ಆದರೆ ರಾಚಪ್ಪನಷ್ಟೇ ಎಂದರೆ ಹೇಗೆ, ಅವರು ಮೂರು ಮೊಳ ಸರಿಸಿದರು. ಮೂರನೆಯವರು ನಾಲ್ಕು. ಹೀಗೆ ಒಂದು ಮನೆಯ ಹೊಟ್ಟೆಯುರಿ ಮುಂದಿನ ಮನೆಗೆ ಹಾಯುತ್ತ ಆರನೆಯ ಮನೆಯ ತುಂಗವ್ವನ ಬಳಿಗೆ ಬಂತು. ಅವಳು ಏಳು ಮೊಳ ಸರಿಸಿದಳು ಎನ್ನುತ್ತಾರೆ.

ಏಳನೆಯದು, ಬಂಡೆಯ ಮಗ್ಗುಲಿನದು, ಸಾವಂತ್ರೆವ್ವನ ಮನೆ. ತುಂಗವ್ವ ಮತ್ತು ಸಾವಂತ್ರೆವ್ವ ನೆಗೆಣ್ಣಿಯರು; ಒಂದೇ ಮನೆಯ ಅಣ್ಣತಮ್ಮಂದಿರನ್ನು ಮದುವೆಯಾಗಿ ಬಂದವರು. ಮನೆ ಎರಡಾದಾಗ ದೊಡ್ಡ ಪಡಸಾಲೆ, ಬೇವಿನ ಮರದ ನೆರಳು, ಸಿಹಿನೀರಿನ ಬಾವಿ ತುಂಗವ್ವನ ಪಾಲಿಗೆ ಹೋದವು. ಅವಳಿಗೆ ಮೂವರು ಮಕ್ಕಳು ಕೂಡ ಇದ್ದರು, ಸಾವಂತ್ರೆವ್ವನಿಗೆ ಇರಲಿಲ್ಲ. ಸಾವಂತ್ರೆವ್ವನ ಪಾಲಿಗೆ ಬಂದದ್ದು ಅತ್ತೆಯ ಕುಣಿ ಒಂದೇ. ಇಬ್ಬರು ಸೊಸೆಯರೂ ನೇಯ್ಗೆ ಕಲಿತದ್ದು ಆ ಕುಣಿಯಲ್ಲೇ. ಮುದುಕಿ ಸಾಯುವಾಗ ದೊಡ್ಡ ಸೊಸೆಯ ಮುಂದೆಯೇ “ಕುಣಿ ಸಣ್ಣಾಕಿಗೆ” ಎಂದಿದ್ದಳು. ಅಂದಿನಿಂದ ತುಂಗವ್ವ ಆ ಗುಡಿಸಲಿನ ಕಡೆ ಮುಖ ಹಾಕಿರಲಿಲ್ಲ. ಸಾವಂತ್ರೆವ್ವನೋ, ಮಗ್ಗದ ಮುಂದೆ ಕೂತಾಗಲೆಲ್ಲ ಗೋಡೆಯಾಚೆ ಆಡುವ ಮಕ್ಕಳ ಗದ್ದಲಕ್ಕೆ ಲಾಳಿ ತಪ್ಪಿಸುತ್ತಿದ್ದಳು. ಇಬ್ಬರ ಅಸೂಯೆಯನ್ನೂ ತೂಗಿ ನೋಡಿದರೆ ಸಾವಂತ್ರೆವ್ವನದೇ ಹೆಚ್ಚು ತೂಗುತ್ತಿತ್ತು. ಅವಳು ಒಳ್ಳೆಯ ಮನಸ್ಸಿನವಳು ಎಂದು ಈ ಐತಿಹ್ಯ ಹೇಳುವವರಲ್ಲಿ ಯಾರೂ ಹೇಳುವುದಿಲ್ಲ.

ಆದರೆ ಅವಳು ದಾಟಿರಲಿಲ್ಲ. ಅವಳ ಗಂಡ ಈರಪ್ಪನೂ ಎರಡನೆಯ ದಿನ ದಾಟಿದ್ದ. ಅವಳು ಮಾತ್ರ ಬಂಡೆ ಸುತ್ತಿ ಹೋಗುವಳು, ಬಂಡೆ ಸುತ್ತಿ ಬರುವಳು. ಓಣಿಯ ಹೆಂಗಸರು ಇದನ್ನು ಸಹಿಸಲಿಲ್ಲ. “ಬಂಡಿ ಮಗ್ಗಲ್ದಾಗ ಮನಿ ಐತಿ, ಅದಕ್ಕ ನಿನ್ನ ನೇಮ ಗಟ್ಟಿ ಐತಿ. ನಿನಗ ನಾಕು ಹೆಜ್ಜಿ, ನಮಗ ನಾನೂರು!” ಎಂದು ಆಡಿಕೊಂಡರು. ಮಾತು ಸುಳ್ಳಲ್ಲ.

ಮೂರನೆಯ ದಿನ ಅವರಿಗೆ ಹೊಳೆಯಿತು. ಆರು ಗೂಟಗಳು ಹೊರಕ್ಕೆ ಸರಿದಿವೆ, ಏಳನೆಯದು ಇದ್ದಲ್ಲೇ ಇದೆ. ನಾಳೆ ಸಾಹೇಬ ಬಂಡೆಯ ಮೇಲೆ ನಿಂತು ಹುರಿಯುದ್ದಕ್ಕೂ ಕಣ್ಣು ಹಾಯಿಸಿದರೆ ಎಲ್ಲ ಬಯಲಾಗುತ್ತದೆ. ಏಳನೆಯದನ್ನೂ ಅಷ್ಟು ಸರಿಸಿಬಿಟ್ಟರೆ ಹುರಿ ಮೆಲ್ಲಗೆ ಬಾಗಿ ಬಂಡೆಗೆ ಸೇರುತ್ತದೆ. ಗಾಳಿಗೆ ಬಾಗಿದೆ ಎನ್ನಬಹುದು. ಅತ್ತೆಯ ಕುಣಿಯೂ ಉಳಿಯುತ್ತದೆ. ಎಲ್ಲರಿಗೂ ಲಾಭವಾಗುವ ಕೆಲಸಕ್ಕೆ ಇವಳೇಕೆ ಒಲ್ಲೆನ್ನುತ್ತಾಳೆ? ತಾವೇ ಸರಿಸಬಹುದಿತ್ತು, ಆದರೆ ಅವಳು ಬೆಳಗಿನಿಂದ ಗೂಟದ ಪಕ್ಕ ಕೂತಿದ್ದಳು. ಇಡೀ ಓಣಿ ಅವಳ ಹಿತ್ತಿಲಲ್ಲಿ ನೆರೆಯಿತು. ರಾಚಪ್ಪ ಈರಪ್ಪನನ್ನು ಹಿಡಿದ, “ನಿನ್ನ ಹೇಣ್ತಿಗೆ ಹೇಳೋ.” ಈರಪ್ಪ ನೆಲ ನೋಡಿದ. “ನನ್ನ ಮಾತು ಅಕಿ ಯಾವಾಗ ಕೇಳ್ಯಾಳ್ರಿ, ಇವತ್ತು ಕೇಳಾಕ?”

ಕೊನೆಗೆ ತುಂಗವ್ವ ಮುಂದೆ ಬಂದಳು. ಎಷ್ಟೋ ವರ್ಷಗಳ ಮೇಲೆ ತಾನಾಗಿ ಮಾತಾಡಿಸಿದಳು. “ಯವ್ವಾ ಸಾವಂತ್ರಿ, ಒಂದು ಗೂಟ. ಅತ್ತಿ ಕೂತ ಕುಣಿ ಅದು. ಅದರಾಗ ಮಣ್ಣು ಬೀಳೂದು ನೋಡ್ತೀಯೇನು?”

“ಆ ಕುಣಿ ಸಲುವಾಗಿ ಇಷ್ಟು ವರ್ಷ ಉರಕೊಂಡಿ, ಯಕ್ಕಾ. ಇವತ್ತು ಅದರ ಮ್ಯಾಲೆ ಮಾಯಾ ಬಂತೇನು?”

“ನೀ ಉರಕೊಂಡಿಲ್ಲೇನು, ನನ್ನ ಮಕ್ಕಳನ್ನ ನೋಡಿ?”

“ಉರಕೊಂಡೀನಿ. ಇನ್ನೂ ಉರೀತೀನಿ.”



ಸಾಹೇಬ ಹೇಳಿದ ದಿನ ಬರಲಿಲ್ಲ. ಜ್ವರ ಹಿಡಿದು ಮುಂದಿನ ಊರಲ್ಲೇ ಮಲಗಿದ. ಆಳುಗಳು ಮಾತ್ರ ಬಂದು, ಹುರಿ ಇದ್ದ ಹಾಗೆ ಮಣ್ಣು ಹಾಕುತ್ತ ಹೋದರು. ಅವನು ಎದ್ದು ಬರುವ ಹೊತ್ತಿಗೆ ಏರಿ ಎದೆಯೆತ್ತರವಾಗಿತ್ತು. ಅವನು ಏನನ್ನೂ ಕೀಳಿಸಲಿಲ್ಲ, ಯಾರನ್ನೂ ಬಯ್ಯಲಿಲ್ಲ. ನಕ್ಷೆಯಲ್ಲಿ ಏರಿಯನ್ನು ಇದ್ದ ಹಾಗೆಯೇ ಬರೆದು, ಮೂಡಣದ ತುದಿಯ ಮೂವತ್ತು ಹೆಜ್ಜೆಯ ಮೇಲೆ ಮಾತ್ರ ಲೈನ್ ಎಂದು ಬರೆದನಂತೆ. ಆ ನಕ್ಷೆಯನ್ನು ನಾನು ನೋಡಿಲ್ಲ. ನೋಡಿದವರೂ ನನಗೆ ಸಿಕ್ಕಿಲ್ಲ.

ಸಾವಂತ್ರೆವ್ವ ಯಾಕೆ ಒಪ್ಪಲಿಲ್ಲ ಎಂಬುದಕ್ಕೆ ಊರಿನಲ್ಲಿ ಎರಡು ಮಾತಿವೆ. ಅವಳಿಗೆ ಕಟ್ಟಳೆ ದೊಡ್ಡದಾಗಿತ್ತು ಎನ್ನುವುದು ಒಂದು. ತುಂಗವ್ವನ ಹೊಟ್ಟೆಯುರಿಯಲ್ಲಿ ತಾನೂ ಪಾಲುಗೊಂಡು ಅವಳ ಸಮಕ್ಕೆ ನಿಲ್ಲುವುದು ಬೇಡವಾಗಿತ್ತು, ದಿನಬೆಳಗಾದರೆ ತುಂಗವ್ವ ತನ್ನ ಬಾಗಿದ ಏರಿಯನ್ನೂ ಇವಳ ನೆಟ್ಟಗಿನ ಏರಿಯನ್ನೂ ಒಟ್ಟಿಗೇ ನೋಡುವಂತಾಗಲಿ ಎಂದು ಮಾಡಿದಳು ಎನ್ನುವುದು ಇನ್ನೊಂದು. ಎರಡನೆಯದೇ ನಿಜವಿದ್ದರೂ ಇರಬಹುದು. ಪಾಲಿಸುವವರ ಮನಸ್ಸು ಶುದ್ಧವಾಗಿರಬೇಕೆಂದು ಆ ಕಟ್ಟಳೆ ಎಲ್ಲಿಯೂ ಹೇಳಿಲ್ಲ.

ಆ ಮೂರನೆಯ ದಿನ ಹಿತ್ತಿಲಲ್ಲಿ ನೆರೆದವರು ನೋಡಿದ್ದು ಇಷ್ಟು. ಸಾವಂತ್ರೆವ್ವ ಎದ್ದು ಗೂಟಕ್ಕೆ ಕೈ ಹಚ್ಚಿದಳು. ಕೀಳುತ್ತಾಳೆಂದು ಎಲ್ಲರೂ ಉಸಿರು ಬಿಟ್ಟರು. ಅವಳು ಒಂದು ಕಲ್ಲು ತೆಗೆದುಕೊಂಡು ಗೂಟವನ್ನು ಇನ್ನೆರಡು ಪೆಟ್ಟು ಒಳಕ್ಕೆ ಬಡಿದಳು. ಬಂಡೆ ಸುತ್ತಿ ಆಚೆ ಹೋಗಿ, ಅರ್ಧ ನೇಯ್ದ ಸೀರೆಯನ್ನು ಸುತ್ತಿದ ಮರದೊಂದಿಗೆ ಬಿಚ್ಚಿ ಹೆಗಲಿಗೇರಿಸಿ, ಬಂಡೆ ಸುತ್ತಿ ಈಚೆ ಬಂದು ಒಳಗಿಟ್ಟಳು. ಆಮೇಲೆ ಅಂಗಳದ ಮಣ್ಣನ್ನು ಬುಟ್ಟಿಗೆ ಎಳೆದು ತುಂಬಿ, ತಲೆಯ ಮೇಲೆ ಹೊತ್ತು, ತುಂಗವ್ವನ ಮುಂದೆಯೇ ಹಾದು, ಮತ್ತೊಮ್ಮೆ ಬಂಡೆಯನ್ನು ಸುತ್ತಿ ಹೋಗಿ, ಅತ್ತೆಯ ಕುಣಿಗೆ ಸುರಿದಳು.