ಕೆಂಚಗಿರಿಯ ಕಾಣದ ಕಟ್ಟಳೆ

"ನನ್ನ ಅರಮನೆಯಲ್ಲಿ ಅಕ್ಷರಗಳು ಕೂಡ ಕೂಗಾಡುವುದಿಲ್ಲ" ಎಂದು ಕೆಂಚಗಿರಿಯ ದೊರೆ ಚೆನ್ನಭೂಪಾಲ ಬಂದವರ ಮುಂದೆಲ್ಲ ಜಂಬ ಕೊಚ್ಚಿಕೊಳ್ಳುತ್ತಿದ್ದ.

ಈ ಹುಚ್ಚು ಹಿಡಿಸಿದವನು ಆಸ್ಥಾನದ ಚಿತ್ರಗಾರ ವರದಯ್ಯ. "ಬೆಳ್ಳನೆಯ ಗೋಡೆಗೆ ಕಪ್ಪು ಅಕ್ಷರ ಸಂತೆಯ ಅಂಗಡಿಗೆ ಸರಿ, ಪ್ರಭು. ಅರಮನೆಯ ಅಕ್ಷರ ನಾಚಿಕೊಂಡು ನಿಂತಿರಬೇಕು" ಎಂದಿದ್ದ. ಅಂದಿನಿಂದ ರಾಜಾಜ್ಞೆಗಳೆಲ್ಲ ಕೆನೆಬಣ್ಣದ ಗೋಡೆಗಳ ಮೇಲೆ ತೇಯ್ದ ಗಂಧದ ಬಣ್ಣದಲ್ಲಿ ಮೂಡತೊಡಗಿದವು. ಮೂಡಿವೆ ಎಂದು ವರದಯ್ಯ ಹೇಳುತ್ತಿದ್ದ, ಅಷ್ಟೇ. ಆಸ್ಥಾನಿಕರು ಬರೀ ಗೋಡೆ ನೋಡಿ "ಆಹಾ, ಎಂಥ ನಯ" ಎಂದು ತಲೆದೂಗುತ್ತಿದ್ದರು. ಕಾಣಲಿಲ್ಲ ಎಂದರೆ ರಸಿಕರ ಪಟ್ಟಿಯಿಂದ ಹೆಸರು ಹೋಗುತ್ತದಲ್ಲ.

ಒಂದು ದಿನ ಹಾಲು ಮಾರುವ ಪುಟ್ಟೀರಮ್ಮನನ್ನು ಕಾವಲುಗಾರರು ಸಭೆಗೆ ಎಳೆತಂದರು. ಅರಮನೆಯ ಕೆರೆಯಲ್ಲಿ ಎಮ್ಮೆಯ ಮೈ ತೊಳೆದದ್ದು ಅವಳ ಅಪರಾಧ. ಅವಳಿಗಿದ್ದ ಒಂದೇ ಎಮ್ಮೆ ಆಗಲೇ ಅರಮನೆಯ ಕೊಟ್ಟಿಗೆ ಸೇರಿತ್ತು.

"ದನಕರು ಇಳಿಸಬಾರದೆಂದು ಕೆರೆಯ ಗೋಡೆಯ ಮೇಲೆ ಬರೆಸಿದ್ದೇನೆ. ಓದಲಿಲ್ಲವೇ?" ಎಂದ ದೊರೆ.

"ಓದೋಕೆ ಬತ್ತದೆ ಬುದ್ಧಿ. ನಮ್ಮ ಯಜಮಾನ್ರು ಕೂಲಿಮಠದ ಅಯ್ನೋರು, ನಂಗೂ ಕಲಿಸಿದ್ರು. ಆ ಗೋಡೆ ಮೇಲೆ ಏನೂ ಇರ್ಲಿಲ್ಲ. ಎಮ್ಮೆ ಹೋದ್ರೆ ಮೊಮ್ಮಕ್ಕಳ ಹೊಟ್ಟೆಗೆ ಏನಿಕ್ಕಲಿ?"

ದೊರೆ ಸಭೆಯತ್ತ ತಿರುಗಿದ. "ನಿಮಗೆ ಕಂಡಿದೆಯೇ?"

"ಢಾಳಾಗಿ ಕಾಣುತ್ತದೆ, ಪ್ರಭು" ಎಂದರು ಎಲ್ಲರೂ.

"ಕಾಣದಿದ್ದರೆ ತಪ್ಪು ಕಣ್ಣಿನದು, ಬರಹದ್ದಲ್ಲ. ಎಮ್ಮೆ ಅರಮನೆಗೇ."

ವಿದೂಷಕ ಸೂರಪ್ಪ ಅವಳತ್ತ ಒಮ್ಮೆ ನೋಡಿ ಮುಂದೆ ಬಂದ. "ಪ್ರಭು, ತೀರ್ಪಿನ ಮುದ್ರೆ ನಾಡಿದ್ದು ಒತ್ತೋಣ. ನಾಳೆ ನವರಾತ್ರಿಗೆ ಸಭಾಮಂಟಪಕ್ಕೆ ಸುಣ್ಣ ಬಳಿಸಬೇಕು" ಎಂದ. ದೊರೆ ಒಪ್ಪಿದ.

ಮೂರನೆಯ ದಿನ ದೊರೆ ಕಡುನೀಲಿ ರೇಷ್ಮೆಯ ಹೊಸ ಅಂಗಿ ತೊಟ್ಟು ಬಂದ. ಸಿಂಹಾಸನ ಏರುವ ಮುನ್ನ ಮೆಟ್ಟಿಲ ಪಕ್ಕದ ಕಂಬಕ್ಕೆ ಒರಗಿ, ಕಣ್ಣು ಮುಚ್ಚಿ, ಹೊಗಳಿಕೆ ಕೇಳುವುದು ಅವನ ರೂಢಿ. ವರದಯ್ಯ ಹೊಗಳಲು ಬಾಯಿ ತೆರೆದ. ದೊರೆ ಒರಗಿದ. ಮತ್ತೆ ಮೆಟ್ಟಿಲೇರಲು ತಿರುಗಿದಾಗ ಸಭೆಯಲ್ಲಿ ಕಿಸಕ್ಕನೆ ನಗು ಕೇಳಿತು. ಬೆನ್ನು ಮುಟ್ಟಿ ನೋಡಿಕೊಂಡರೆ ಕೈಯೆಲ್ಲ ಸುಣ್ಣ; ಆ ಕಂಬಕ್ಕೆ ಅಂದು ಬೆಳಿಗ್ಗೆ ಇನ್ನೊಂದು ಸಲ ಬಳಿದಿದ್ದರು.

"ಸೂರಪ್ಪ, ಸುಣ್ಣ ಹಸಿಯಿದೆ ಎಂದು ಒಂದು ಮಾತು ಬರೆದು ಹಾಕಬಾರದಿತ್ತೇ?"

"ಹಾಕಿದ್ದೇನೆ ಪ್ರಭು. ಕಂಬದಲ್ಲೇ ತೂಗುತ್ತಿದೆ ನೋಡಿ. ಕೆನೆಬಣ್ಣದ ಹಲಗೆ, ಗಂಧದ ಬಣ್ಣದ ಅಕ್ಷರ. ಬಣ್ಣವನ್ನು ವರದಯ್ಯನವರ ಕುಡಿಕೆಯಿಂದಲೇ ತಂದೆ."

ದೊರೆ ಹಲಗೆಗೆ ಮೂಗು ತಾಗಿಸಿ ನೋಡಿದ. ಏನೂ ಕಾಣಲಿಲ್ಲ. "ಯಾರಾದರೂ ಓದಿ" ಎಂದ.

ಕಾಣುತ್ತದೆ ಎಂದರೆ ದೊರೆ ಒರಗುವಾಗ ಏಕೆ ಸುಮ್ಮನಿದ್ದಿರಿ ಎಂದು ಕೇಳುತ್ತಾನೆ; ಕಾಣುವುದಿಲ್ಲ ಎಂದರೆ ಮೊನ್ನೆ ಹೇಳಿದ್ದು ಸುಳ್ಳಾಗುತ್ತದೆ. ಸಭೆಗೆ ಸಭೆಯೇ ನೆಲ ನೋಡತೊಡಗಿತು.

"ನೀನೇ ಓದು, ವರದಯ್ಯ."

"ಒಂದು ದೀಪ ತರಿಸಿದರೆ..."

"ನಡುಮಧ್ಯಾಹ್ನದಲ್ಲಿ ದೀಪವೇ?" ದೊರೆ ಗುಡುಗಿದ. "ಈ ಅರಮನೆಯಲ್ಲಿ ಕಣ್ಣಿಗೆ ಕಾಣುವಂಥದ್ದು ಒಂದೂ ಇಲ್ಲವೇ?"

"ತಮ್ಮ ಬೆನ್ನಿದೆ, ಪ್ರಭು" ಎಂದ ಸೂರಪ್ಪ. "ಬಿಳಿ ಕಂಬದ ಮೇಲೆ ಇದ್ದಾಗ ಯಾರಿಗೂ ಕಾಣದ ಸುಣ್ಣ, ನೀಲಿ ರೇಷ್ಮೆಗೆ ಬಂದ ಕೂಡಲೇ ಬಾಗಿಲ ಕಾವಲುಗಾರನಿಗೂ ಕಂಡಿತು."

ದೊರೆ ಒಂದು ಗಳಿಗೆ ಕೆಂಡವಾದ. ಆಮೇಲೆ ತಡೆಯಲಾರದೆ ಹೊಟ್ಟೆ ಹಿಡಿದು ನಕ್ಕ. ಪುಟ್ಟೀರಮ್ಮನನ್ನು ಕರೆಸಿ ಎಮ್ಮೆಯ ಹಗ್ಗವನ್ನು ತಾನೇ ಅವಳ ಕೈಗೆ ಕೊಟ್ಟ. ಮುದುಕಿ ಎಮ್ಮೆಯ ಕೊರಳು ತಬ್ಬಿ ಅತ್ತೇಬಿಟ್ಟಳು.

"ಹೋಗಲಿ, ಇನ್ನು ಮೇಲೆ ಕಟ್ಟಳೆಗಳನ್ನು ಯಾವ ಬಣ್ಣದಲ್ಲಿ ಬರೆಸಲಿ, ಸೂರಪ್ಪ?"

"ಈ ಎಮ್ಮೆಯ ಬಣ್ಣದಲ್ಲೇ ಬರೆಸಿ, ಪ್ರಭು. ಕೆರೆಯ ಅದೇ ಗೋಡೆಯ ಮುಂದೆ ಇದು ನಿಂತದ್ದು ನಿಮ್ಮ ಕಾವಲುಗಾರರಿಗೆ ಬುರುಜಿನ ಮೇಲಿಂದಲೇ ಕಂಡಿತಲ್ಲ."