ಕೊಟ್ರಯ್ಯ ಗುರಿ ಇಟ್ಟುಕೊಂಡದ್ದು

ಕಲಿಸುವವನೊಳಗೂ ಕಲಿಯುವವನೊಳಗೂ ಒಂದೇ ದೀಪವಾಗಿ ಉರಿಯುವ ಶಿವನೇ, ಶರಣು. ಬುದ್ಧಿ ಅಳೆದು ಕೊಡುವವನು ನೀನು. ಕೆಲವರಿಗೆ ಒಂದು ಹಿಡಿ ಕಡಿಮೆ ಹಾಕಿದ್ದೀಯೆ. ಯಾಕೆಂದು ಕೇಳಲು ನಾನ್ಯಾರು? ಕತೆ ಹೇಳುತ್ತೇನೆ, ನಾಲಿಗೆ ತಪ್ಪದಂತೆ ಕಾಪಾಡು.

ತುಂಗಭದ್ರೆಯ ದಡದಲ್ಲಿ ಒಂದು ಊರು. ಆ ಊರಲ್ಲಿ ಹಾಲವ್ವ ಎಂಬ ತಾಯಿ. ಗಂಡ ತೀರಿದ ಮೇಲೆ ಮಠದ ಅಂಗಳ ಗುಡಿಸಿ, ಪ್ರಸಾದದ ಪಾತ್ರೆ ತಿಕ್ಕಿ ಒಬ್ಬನೇ ಮಗನನ್ನು ಸಾಕಿದಳು. ಮಗನ ಹೆಸರು ಕೊಟ್ರಯ್ಯ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಕೂದಲೆಳೆಯಷ್ಟೂ ಆಚೆ ಇಲ್ಲ, ಈಚೆ ಇಲ್ಲ. "ಸ್ವಾಮಿಗಳ ಪೂಜೆ ಆತೇನು, ಕೇಳಿ ಬಾರೋ" ಎಂದು ಕಳಿಸಿದರೆ, ಓಡಿಹೋಗಿ ಕೇಳಿ, ಉತ್ತರಕ್ಕೆ ನಿಲ್ಲದೆ ಓಡಿ ಬರುತ್ತಿದ್ದ.

"ಏನಂದರೋ?"

"ಕೇಳಿ ಬಾ ಅಂದಿ, ಕೇಳಿ ಬಂದೆ!"

"ಶಿವನೇ, ಇವನ್ನ ಹೆಂಗ ದಡ ಮುಟ್ಟಿಸ್ತೀಯೋ!" ಎಂದು ಹಾಲವ್ವ ಹಣೆ ಹಣೆ ಬಡಿದುಕೊಳ್ಳುವಳು.

ಇಂಥ ಕೊಟ್ರಯ್ಯನಿಗೆ ಮಕ್ಕಳೆಂದರೆ ಪ್ರಾಣ. ಮೇಷ್ಟ್ರಾಗಬೇಕು, ಅದೊಂದೇ ಆಸೆ. ಬಾಯಿಪಾಠದ ಬಲದಿಂದ ಹೇಗೋ ಶಿಕ್ಷಕರ ತರಬೇತಿಗೂ ಸೇರಿಕೊಂಡ. ಅಲ್ಲಿ ಕಲಿಸುವ ಪಂಪಾವತಿ ಮೇಡಂ ಒಂದು ದಿನ ಎಲ್ಲರನ್ನೂ ಕೂರಿಸಿ ಹೇಳಿದರು: "ನಾಳೆಯಿಂದ ಊರ ಶಾಲೆಗೆ ಹೋಗಿ ನೀವೇ ಪಾಠ ಮಾಡಬೇಕು. ಹೊಸಿಲು ದಾಟುವ ಮೊದಲು ಒಬ್ಬೊಬ್ಬರೂ ತಮಗೇ ಅಂತ ಒಂದು ಗುರಿ ಇಟ್ಟುಕೊಳ್ಳಿ." ಆಮೇಲೆ ಕೊಟ್ರಯ್ಯನನ್ನು ಪಕ್ಕಕ್ಕೆ ಕರೆದು, "ಮೂರು ಪಾಠ ಮಾಡ್ತೀಯ. ಮೂರನೆಯದನ್ನು ನೋಡೋಕೆ ಪರೀಕ್ಷಕರು ಬರ್ತಾರೆ. ಅವರು ಬೇಡ ಅಂದರೆ ಮೇಷ್ಟ್ರಾಗೋ ಆಸೆ ಬಿಟ್ಟುಬಿಡು, ತಮ್ಮಾ" ಎಂದರು.

ಕೊಟ್ರಯ್ಯ ಮನೆಗೆ ಬಂದ. "ಅವ್ವಾ, ನನಗೊಂದು ಗುರಿ ಬೇಕು!"

"ಸಂತ್ಯಾಗ ಸಿಗತೈತೇನೋ ಅದು?"

"ಇಲ್ಲವ್ವ, ಇಟ್ಕೋಬೇಕಂತ!"

ಹಾಲವ್ವ ದೀಪ ಹಚ್ಚಿದಳು, ಕೈಮುಗಿದಳು, ಯೋಚಿಸಿದಳು. "ಕಟ್ಟಕಡೀಗೆ ಕುಂತ ಕೂಸಿಗೂ ನಿನ್ನ ಮಾತು ಕೇಳಬೇಕು. ಇದೇ ನಿನ್ನ ಗುರಿ."

"ಆತವ್ವ!"

ಮರುದಿನ ಹೋದ. ಕಟ್ಟಕಡೆಗೆ ಗೋಡೆಗೊರಗಿ ಒಂದು ಹೆಣ್ಣುಕೂಸು ಕೂತಿತ್ತು. ನೆಟ್ಟಗೆ ಅದರ ಹತ್ತಿರ ಹೋದ, ಕುಕ್ಕರಗಾಲಲ್ಲಿ ಕೂತ, ಇಡೀ ಪಾಠವನ್ನು ಅದರ ಕಿವಿಯಲ್ಲಿ ಹೇಳಿ ಎದ್ದ. ಉಳಿದ ಮಕ್ಕಳು ಬಾಯಿ ಬಿಟ್ಟುಕೊಂಡು ಅವನ ಬೆನ್ನು ನೋಡುತ್ತಾ ಕೂತಿದ್ದವು.

"ಉಳಿದವರು ಏನು ಪಾಪ ಮಾಡಿದ್ದರೋ!" ಮೇಡಂ ರೇಗಿದರು. "ಅಷ್ಟು ಮಕ್ಕಳಿಗೂ ಬೆನ್ನು ಕೊಟ್ಟು ಕೂತೆಯಲ್ಲೋ!"

ಹಾಲವ್ವ ಕೇಳಿ ನಿಟ್ಟುಸಿರಿಟ್ಟಳು. "ಹಂಗಾದರ ಬ್ಯಾರೆ ಗುರಿ ಇಟ್ಕೋ ಮಗನ. ಕೂಸುಗಳಿಗೆ ಬೆನ್ನು ಕೊಡಬ್ಯಾಡ."

"ಆತವ್ವ!"

ಎರಡನೆಯ ಪಾಠ. ಕೊಟ್ರಯ್ಯ ಮಕ್ಕಳ ಕಡೆಗೇ ಮುಖ ಮಾಡಿ, ಕೈ ಹಿಂದಕ್ಕೆ ತಿರುಚಿ ಬೋರ್ಡಿನ ಮೇಲೆ ಬರೆದ. ಅರ್ಧ ಅಕ್ಷರ ಬೋರ್ಡಿಗೆ ಬಿತ್ತು, ಅರ್ಧ ಗೋಡೆಗೆ ಬಿತ್ತು. ಗಂಟೆ ಹೊಡೆಯಿತು. ಹಿಂದೆ ಹಿಂದೆಯೇ ಹೆಜ್ಜೆ ಇಟ್ಟ, ಹೊಸಿಲು ದಾಟಿದ. ಮಕ್ಕಳು ಕಿಟಕಿಯಲ್ಲಿ ಇಣುಕುತ್ತಿದ್ದವಲ್ಲ, ಹೇಗೆ ತಿರುಗಿಯಾನು? ಹಿಂದೆ ಹಿಂದೆಯೇ ಅಂಗಳಕ್ಕೆ ಬಂದು ಬಿಸಿಯೂಟದ ಸಾರಿನ ಕೊಳಗದಲ್ಲಿ ಕೂತುಬಿಟ್ಟ! ಶಿವ ದೊಡ್ಡವನು, ಸಾರು ಆರಿತ್ತು. ಆದರೆ ಆ ದಿನ ಮಕ್ಕಳು ಬರಿಯನ್ನ ಉಂಡವು.

"ನಿನ್ನ ಮುಖ ನೋಡಿದ್ದೇ ಬಂತು! ಒಂದು ಮಗುವಿನ ಕೈಗಾದರೂ ಅಕ್ಷರ ಬಂತೇನೋ?" ಎಂದರು ಮೇಡಂ. ಈ ಸಲ ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದುಃಖವಿತ್ತು.

ಆ ಸಂಜೆ ಹಾಲವ್ವ ದೀಪದ ಮುಂದೆ ಕೂತು ಅತ್ತಳು.

"ನಾನು ಪೆದ್ದ ಅಂತ ಅಳ್ತೀಯೇನವ್ವ?"

"ಇಲ್ಲೋ ನನ್ನಪ್ಪ. ನಿನಗೆ ತಿಳಿಯೂ ಹಂಗ ಹೇಳಾಕ ನನಗ ಬರವಲ್ದು, ಅದಕ್ಕ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕೇಳು. ಯಾರ ಕೈ ತಡವರಿಸ್ತೈತೋ ಅವರ ಬಾಜೂಕ ಕುಂದ್ರು. ಕೈ ಹಿಡಿದು ಬರಸು. ಮೊದಲು ಬರಸು, ಆಮ್ಯಾಲ ಮಾತು. ಒಬ್ಬರನ್ನೂ ಬಿಡಬ್ಯಾಡ. ಇದೇ ನಿನ್ನ ಗುರಿ."

"ಆತವ್ವ!"

ಮೂರನೆಯ ಪಾಠ. ಪರೀಕ್ಷಕರು ಬಂದರು, ವಿರೂಪಾಕ್ಷಪ್ಪನವರು, ತಲೆ ನರೆತ ಹಿರಿಯರು. ಮೇಡಂ ಜೊತೆ ಮಕ್ಕಳ ಹಿಂದೆ ಕೂತರು. ಅಂದಿನ ಅಕ್ಷರ 'ರ'. ಕೊಟ್ರಯ್ಯ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು ತೋರಿಸಿದ. ಆಮೇಲೆ ಒಂದೊಂದೇ ಕೂಸಿನ ಬಾಜೂಕ ಕೂತ. "ಮೊದಲು ಸೊನ್ನಿ ಸುತ್ತು, ಆಮ್ಯಾಲ ತಲೆಕಟ್ಟು ಕೊಡು. ಹಾಂ, ಜಾಣ!" ಅವಸರವಿಲ್ಲ, ಗದರಿಕೆಯಿಲ್ಲ. ಸ್ಲೇಟು ಕಂಡರೆ ಅಳುತ್ತಿದ್ದ ಕೂಸು ಕೂಡ ಬರೆಯಿತು. ಮೇಡಂ ಕಣ್ಣರಳಿಸಿ ನೋಡಿದರು. ಶಿವಾ, ಇಲ್ಲಿಗೇ ಗಂಟೆ ಹೊಡೆಸು ಎಂದು ಮನಸ್ಸಿನಲ್ಲೇ ಬೇಡಿಕೊಂಡರು.

ಗಂಟೆ ಹೊಡೆಯಲಿಲ್ಲ.

ಪರೀಕ್ಷಕರು ಅಂಕ ಹಾಕಲು ಪೆನ್ನು ತೆಗೆದರು. ವಯಸ್ಸಾದ ಕೈ, ಗಡಗಡ ನಡುಗುತ್ತಿತ್ತು. ಕೊಟ್ರಯ್ಯ ನೋಡಿದ. ತಡವರಿಸುವ ಕೈ! ಒಬ್ಬರನ್ನೂ ಬಿಡಬ್ಯಾಡ! ಹೋದ, ಬಾಜೂಕ ಕೂತ, ಪೆನ್ನು ಹಿಡಿದ ಆ ಕೈಯನ್ನು ಮೆಲ್ಲಗೆ ಹಿಡಿದ.

"ಹೆದರಬ್ಯಾಡ ನನ್ನಪ್ಪ. ಮೊದಲು ಸೊನ್ನಿ ಸುತ್ತು."

ತನ್ನ ಹೆಸರಿನ ಮುಂದೆ, ಅಂಕ ಹಾಕುವ ಜಾಗದಲ್ಲೇ, ದುಂಡನೆಯ ಸೊನ್ನೆ ಬರೆಸಿದ!

"ಅಯ್ಯೋ! ಸೊನ್ನೆ ಬಿತ್ತಲ್ಲೋ ನಿನಗೆ!" ಮೇಡಂ ಚೀರಿದರು.

"ತಡೀರಿ ಮೇಡಂ, ತಲೆಕಟ್ಟು ಇನ್ನೂ ಬಾಕಿ ಐತಿ." ಕೊಟ್ರಯ್ಯ ಅದನ್ನೂ ಬರೆಸಿದ.

"ಅಜ್ಜ ಬರದಾ! ಅಜ್ಜ ಬರದಾ!" ಮಕ್ಕಳು ಚಪ್ಪಾಳೆ ತಟ್ಟಿದವು.

ವಿರೂಪಾಕ್ಷಪ್ಪನವರು ನಗಲಿಲ್ಲ, ರೇಗಲೂ ಇಲ್ಲ. ಆ ಅಕ್ಷರವನ್ನೇ ನೋಡುತ್ತಾ ಕೂತರು. "ನನ್ನ ಕೈ ನಡುಗೋದನ್ನು ಕಂಡು ಎಲ್ಲರೂ ಮುಖ ತಿರುಗಿಸಿಕೊಳ್ತಾರೆ, ಮೇಡಂ. ಯಾರೂ ಹಿಡಿದಿರಲಿಲ್ಲ. ಈ ಹುಡುಗ ಮಕ್ಕಳ ಹತ್ತಿರವೇ ಇರಲಿ." ಬೇರೆ ಹಾಳೆ ಕೇಳಿ ಅಂಕ ಹಾಕಿದರು. "ಹೋಗಪ್ಪಾ, ಪಾಸಾದೆ ಅಂತ ನಿನ್ನ ತಾಯಿಗೆ ಹೇಳು."

ಕೊಟ್ರಯ್ಯ ಓಡಿದ. ಹಾಲವ್ವ ರೊಟ್ಟಿ ಬಡಿಯುತ್ತಿದ್ದಳು. ಮಗನ ಹೆಜ್ಜೆ ಕೇಳಿದ್ದೇ, ಹುಟ್ಟಿದಾಗಿನಿಂದ ಬಳಪ ಮುಟ್ಟದ ಅವಳ ಕೈ ಹಿಟ್ಟಿನ ಮೇಲೆ ನಡುಗತೊಡಗಿತು.

"ಏನಾತೋ? ಪಾಸೋ, ನಪಾಸೋ?"

ಕೊಟ್ರಯ್ಯ ಆ ಕೈ ನೋಡಿದ. ಬಾಜೂಕ ಕೂತ. ಅವಳ ಬೆರಳು ಹಿಡಿದು ಜೋಳದ ಹಿಟ್ಟಿನಲ್ಲಿ ಸೊನ್ನೆ ಸುತ್ತಿಸಿದ.

"ಹೆಂಚಿನ ಮ್ಯಾಲ ರೊಟ್ಟಿ ಹೊತ್ತಾಕ ಹತ್ತೈತೋ ಪೆದ್ದ! ನನ್ನ ಜೀವ ಹೊಂಟೈತಿ! ಪಾಸೋ ನಪಾಸೋ ಹೇಳೋ!"

"ಮೊದಲು ತಲೆಕಟ್ಟು ಕೊಡವ್ವ. ಆಮ್ಯಾಲ ಹೇಳ್ತೀನಿ."

ಕಿವಿಗೊಟ್ಟ ನಿಮ್ಮೆಲ್ಲರ ಮನೆಯಲ್ಲಿ ದೀಪ ಆರದಿರಲಿ, ಕೂಸುಗಳಿಗೆ ಅಕ್ಷರ ಒಲಿಯಲಿ, ನಡುಗುವ ಕೈಗಳಿಗೆಲ್ಲ ಹಿಡಿಯುವ ಒಂದು ಕೈಯನ್ನು ಶಿವ ಕೊಡಲಿ.