ಬಸ್ಸಿಗೆ ಹೇಳಿದ ಮಾತು

ಹೂಂಗುಟ್ಟುವುದಾದರೆ ಹೇಳುತ್ತೇನೆ, ನಗುವುದು, ಅಳುವುದು ನಿಮಗೆ ಬಿಟ್ಟದ್ದು. ಕಡಲ ದಂಡೆಯ ಒಂದೂರಲ್ಲಿ ತುಳಸಮ್ಮ ಅಂತ ಮೀನು ಮಾರುವ ಹೆಂಗಸು. ಅವಳ ದೊಡ್ಡ ಮಗ ಮಂಜು ಹಡಗಿನ ಕೆಲಸಕ್ಕೆ ಹೋಗಿ, ರಷ್ಯಾದ ಲೀದಾ ಎಂಬವಳನ್ನು ಮದುವೆಯಾಗಿ, ಅಲ್ಲೇ ಜ್ವರ ಬಂದು ತೀರಿಕೊಂಡ. ಉಳಿದವನು ಚಿಕ್ಕವನು ಬೀರ. ಓದಲು ಬರುತ್ತಿತ್ತು, ಬುದ್ಧಿ ಬರುತ್ತಿರಲಿಲ್ಲ. ಹೇಳಿದ್ದನ್ನು ಹೇಳಿದಷ್ಟೇ ಮಾಡುವವನು.

ಲೀದಾ ಅತ್ತೆಯನ್ನು ನೋಡಲು ಬರುತ್ತಾಳೆಂದು ಸುದ್ದಿ ಬಂತು. ತುಳಸಮ್ಮನಿಗೆ ಒಂದೇ ಆಸೆ: ಮಗನಂತೂ ಹೋದ, ಸೊಸೆಯಾದರೂ ಮನೆಯಲ್ಲಿ ಉಳಿಯಲಿ. ಆದರೆ ಕೇಳುವುದು ಯಾವ ಭಾಷೆಯಲ್ಲಿ? ಬೀರನನ್ನು ಕರೆದು, ಪೇಟೆಯಿಂದ ರಷ್ಯನ್ ನಿಘಂಟು ತಾ, ದಪ್ಪದ್ದೇ ತಾ ಅಂದಳು.

ಬೀರ ದಪ್ಪದ್ದನ್ನೇ ತಂದ. ತೆರೆದರೆ ರಷ್ಯನ್ ಮಾತಿಗೆ ರಷ್ಯನ್ನಿನಲ್ಲೇ ಅರ್ಥ. ನಮ್ಮ ಅಕ್ಷರ ಇದೆಯಾ ಅಂತ ನೋಡಿ ತರಬಾರದಾ ಮಳ್ಳಾ, ಅಂತ ತುಳಸಮ್ಮ ಹಣೆ ಚಚ್ಚಿಕೊಂಡಳು. ಮರುದಿನ ಬೀರ ನಮ್ಮ ಅಕ್ಷರ ನೋಡಿಯೇ ತಂದ. ಕನ್ನಡಕ್ಕೆ ಕನ್ನಡದ ನಿಘಂಟು, ರಷ್ಯನ್ನಿನ ಸುಳಿವೇ ಇಲ್ಲ.

"ಅರ್ಧ ನಮ್ದು, ಅರ್ಧ ಅವ್ರದ್ದು ಇರ್ಬೇಕು ಮಾರಾಯಾ" ಅಂದಳು.

ಅದೇನು ಮಹಾ ಅಂತ ಬೀರ ಮೀನು ಕೊಯ್ಯುವ ಕತ್ತಿ ತಂದು ಎರಡೂ ಪುಸ್ತಕ ನಡುವೆ ಸೀಳಿದ. ಅದರರ್ಧ ಇದರರ್ಧ ಜೋಡಿಸಿ, ಬಲೆ ಹೆಣೆಯುವ ದಾರದಲ್ಲಿ ಬಿಗಿಯಾಗಿ ಹೊಲಿದು ಅವ್ವಿಯ ಮುಂದಿಟ್ಟ. ಊರೇ ನಕ್ಕಿತು. ನಗದವಳು ತುಳಸಮ್ಮ ಒಬ್ಬಳೇ.

ಕೊನೆಗೆ ಶಾಲೆಯ ಮಾಸ್ತರರು ಮರುಕಪಟ್ಟು ಕನ್ನಡದಿಂದ ರಷ್ಯನ್ನಿಗೆ ಹೋಗುವ ನಿಘಂಟು ತರಿಸಿಕೊಟ್ಟರು. ಅದರಲ್ಲಿ ರಷ್ಯನ್ ಉಚ್ಚಾರವೂ ನಮ್ಮ ಅಕ್ಷರದಲ್ಲೇ ಇತ್ತು. ಜೊತೆಗೆ ಬೀರನಿಗೆ ಬುದ್ಧಿಯನ್ನೂ ಹೇಳಿದರು: ಎಲ್ಲೆಲ್ಲೋ ತೆರೆಯಬೇಡ, ಅಕ್ಷರದ ಸಾಲು ಹಿಡಿದು ಹೋಗು, ಸಿಗುವ ತನಕ ತಲೆ ಎತ್ತಬೇಡ.

ಲೀದಾ ಬಂದಳು. ಅತ್ತೆಯ ಜೊತೆ ಮೀನು ತೊಳೆದಳು, ಮಂಜುವಿನ ಹಳೇ ಅಂಗಿ ಮುಖಕ್ಕೊತ್ತಿಕೊಂಡು ಅತ್ತಳು. ಕೇಳಲು ತುಳಸಮ್ಮನಿಗೆ ಧೈರ್ಯ ಸಾಲಲಿಲ್ಲ, ನಾಳೆ ನಾಳೆ ಅಂತ ದಿನ ಕಳೆಯಿತು. ಹೊರಡುವ ದಿನ ಲೀದಾ ಚೀಲ ಹಿಡಿದು ಅಂಗಳದಲ್ಲಿ ನಿಂತು, ಏನಾದರೂ ಅಂದಾಳೇನೋ ಅಂತ ಅತ್ತೆಯ ಬಾಯನ್ನೇ ನೋಡಿದಳು.

"ಬೀರಾ, ಹೋಗಬೇಡ ಅನ್ನೂಕೆ ಅವ್ರಲ್ಲಿ ಏನಂತ್ರು? ಬೇಗ ನೋಡಾ."

ಬೀರ ಜಗಲಿಯಲ್ಲಿ ಕೂತು ಪುಸ್ತಕ ತೆರೆದ. 'ಅ' ಅಕ್ಷರದ ಮೊದಲ ಮಾತಿನಿಂದ ಹಿಡಿದು ಒಂದನ್ನೂ ಬಿಡದೆ ಓದಿದ. ಅವ್ವಿ ಕೂಗಿದಳು, ಬೇಡಿಕೊಂಡಳು. ಅವನು ತಲೆ ಎತ್ತಲಿಲ್ಲ. ಹೇಳಿದ ಮಾಸ್ತರರದ್ದೂ ತಪ್ಪಲ್ಲ, ಕೇಳಿದ ಬೀರನದ್ದೂ ತಪ್ಪಲ್ಲ. ನನಗೆ ಸಿಟ್ಟು ಆ ಬಸ್ಸಿನ ಮೇಲೆ. ಅದು ಸರಿಯಾದ ಹೊತ್ತಿಗೆ ಬಂದದ್ದು ಅವತ್ತೊಂದೇ ದಿನ. ಲೀದಾ ಅತ್ತೆಯ ಕೈ ಹಿಡಿದು ತುಸು ಕಾದಳು, ಆಮೇಲೆ ಹತ್ತಿ ಹೋದಳು. ಬೀರ ಇನ್ನೂ 'ಕ'ದಲ್ಲಿದ್ದ.

ಮರುದಿನ ಮಧ್ಯಾಹ್ನ ಅವನು ಕುಣಿಯುತ್ತ ಬಂದ. "ಸಿಕ್ತು ಅವ್ವಿ!"

ತುಳಸಮ್ಮನಿಗೆ ಬೈಯಲೂ ತ್ರಾಣವಿರಲಿಲ್ಲ. "ಇನ್ನ್ಯಾರಿಗೆ ಹೇಳ್ತೆ ಮಗಾ? ಹೋಗು, ಅವ್ಳ ಕರ್ಕಂಡು ಹೋದ ಬಸ್ಸಿಗೇ ಹೇಳು" ಅಂದಳು.

ಬೀರ ಹೋದ. ಅದೇ ಬಸ್ಸು ಹೊರಡಲು ನಿಂತಿತ್ತು. ಅದರ ಮುಂದೆ ಪುಸ್ತಕ ಬಿಚ್ಚಿ, ಒಂದಕ್ಷರ ತಪ್ಪದೆ ರಷ್ಯನ್ನಿನಲ್ಲಿ ಹೇಳಿದ. ಡ್ರೈವರ್ ಹಾರನ್ ಹೊಡೆದ, ಇವನು ಇನ್ನೊಮ್ಮೆ ಹೇಳಿದ. ಕಂಡಕ್ಟರ್ ಇಳಿದು ರಟ್ಟೆ ಹಿಡಿದು ಬದಿಗೆ ಸರಿಸಿದ.

ಮನೆಗೆ ಬಂದು, ಹೊಸಿಲಲ್ಲಿ ಕೂತಿದ್ದ ಅವ್ವಿಯ ಪಕ್ಕ ಕೂತ.

"ಹೇಳ್ದೆ ಅವ್ವಿ" ಅಂದ. "ಸಮಾ ಹೇಳ್ದೆ. ಆದ್ರೂ ಹೋಯ್ತು."